ಸಾಯ್ಲಿ ಬಿಡಿ ಮಾರಾಯ್ರೆ

ನಾನೂರ ಹನ್ನೆರಡು ಮಂದಿಯನ್ನು ಒಂದೇ ಹೆಬ್ಬೆರಳಿನಿಂದ ಆಳಿದ ಗಂಡೊಬ್ಬ ತುಂಗಭದ್ರೆಯ ದಂಡೆಯ ಮೇಲಿದ್ದ ಅಂದರೆ ನಗುತ್ತೀರಿ. ನಗ್ರಿ. ಮೂರು ವರ್ಷ ಕಾದು ಅವನು ಗುರುವಿನಿಂದ ಪಡೆದ ಉಪದೇಶ ಬರೀ ಮೂರಕ್ಷರದ್ದು ಅಂದರೆ ಇನ್ನೂ ಜೋರಾಗಿ ನಗುತ್ತೀರಿ. ಸುಳ್ಳು ಅನಿಸಿದವರು ಎದುರಿಗೆ ಬಂದು ಸುಳ್ಳು ಅನ್ನಲಿ. ಇಂಥ ಕಥೆ ಹೇಳುವ ಎದೆ ಈ ಸೀಮೆಯಲ್ಲಿ ಇನ್ನೊಬ್ಬನಿಗಿದ್ದರೆ, ಬರುವಾಗ ಅವನನ್ನೂ ಕರಕೊಂಡು ಬರಲಿ.

ಅವನ ಹೆಸರು ಮುದಕಪ್ಪ. ವಯಸ್ಸು ಇಪ್ಪತ್ನಾಲ್ಕು.

ಗುರುವಿನ ಹೆಸರು ಗುರುಪಾದಜ್ಜ, ಅದೇ ದಂಡೆಯ ಮಠದವನು. ವಯಸ್ಸು ಎಂಬತ್ತರ ಮೇಲೆ. ಆ ಎಂಬತ್ತರ ಮುದುಕ ಈ ಇಪ್ಪತ್ನಾಲ್ಕರ ಹುಡುಗನನ್ನು "ಲೇ ಮುದಕಾ" ಎಂದು ಕರೆದರೆ, ಮಠಕ್ಕೆ ಬಂದವರು ಯಾರತ್ತ ನೋಡಬೇಕೋ ತಿಳಿಯದೆ ಇಬ್ಬರನ್ನೂ ನೋಡುತ್ತಿದ್ದರು.

ಮುದಕಪ್ಪ ಸಾಮಾನ್ಯದವನಲ್ಲ. ತುಂಬಿದ ಹೊಳೆಯನ್ನು ಎರಡು ಸಲ ಈಜಿ ದಾಟಿದವನು. ಊರ ಗರಡಿಯಲ್ಲಿ ಯಾರೂ ಮೊಣಕಾಲ ಮೇಲೆ ತರಲಾರದ ಗುಂಡುಕಲ್ಲನ್ನು ಹೆಗಲಿಗೆ ಏರಿಸಿದವನು. ಮಠಕ್ಕೆ ಬಂದ ಮೇಲೆ ಮಠದ ಹೆಸರಿನಲ್ಲಿ ವಾಟ್ಸಾಪ್ ಗ್ರೂಪ್ ಕಟ್ಟಿದವನೂ ಅವನೇ. ಹೆಸರು "ಹೊಳೆದಂಡೆ ಬಳಗ". ಸದಸ್ಯರು ನಾನೂರ ಹನ್ನೆರಡು. ಅಡ್ಮಿನ್ ಒಬ್ಬನೇ.

ಬಳಗಕ್ಕೆ ಅವನದೇ ಕಾನೂನು. ಹೂವಿನ ಚಿತ್ರ ಕಳಿಸುವಂತಿಲ್ಲ. ಚಹಾ ಕಪ್ಪಿನ ಚಿತ್ರ ಕಳಿಸುವಂತಿಲ್ಲ. "ಊಟ ಆತೇನ್ರಿ" ಎಂದು ಕೇಳುವಂತಿಲ್ಲ. ಜ್ಞಾನ ಇದ್ದರೆ ಕಳಿಸಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು. ತಪ್ಪಿದವರನ್ನು ಹೆಬ್ಬೆರಳಿನಿಂದ ಒಂದು ಸಲ ಒತ್ತಿದರೆ ಮುಗಿಯಿತು, ಬಳಗದಿಂದ ಹೊರಗೆ.

ಅಜ್ಜನಿಗೆ ಫೋನ್ ಇರಲಿಲ್ಲ. ಇದ್ದರೂ ಉಪಯೋಗವಿಲ್ಲ ಎಂದು ಮುದಕಪ್ಪ ತಿಳಿದಿದ್ದ. ಯಾಕೆಂದರೆ ಅಜ್ಜನಿಗೆ ಕಿವಿ ಮಂದ.

ಯಾರು ಏನೇ ಹೇಳಲಿ, ಅಜ್ಜ ಮೊದಲು ಕೇಳುವುದು ಒಂದೇ:

"ಏನಂದಿ?"

ಒಮ್ಮೆ ಗಂಡ ಹೆಂಡತಿ ಜಗಳಾಡಿಕೊಂಡು ಬಂದಿದ್ದರು. ಹೆಂಡತಿ ಕೂಗಿದಳು: "ಈ ಜಲ್ಮದಾಗ ಇನ್ನ ಇಂವನ ಮಾರಿ ನೋಡಂಗಿಲ್ರಿ ಅಜ್ಜಾರ!"

"ಏನಂದಿ?"

"ನಾಕು ದಿನ ತವರಿಗೆ ಹೊಕ್ಕೀನಿ ಅಂದೆ."

"ಏನಂದಿ?"

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಹೊತ್ತಿಗೆ ಸರಿಯಾಗಿ ಮನಿಗೆ ಬರಂಗಿಲ್ರಿ ಇಂವ."

ಮುದಕಪ್ಪನಿಗೆ ಇದನ್ನು ನೋಡಿ ನೋಡಿ ಸಾಕಾಗಿತ್ತು. ಒಂದು ಮಾತಿಗೆ ಮೂರು ಸಲ! ಅಂದಿನಿಂದ ಅವನು ಅಜ್ಜನ ಮಗ್ಗುಲಲ್ಲೇ ನಿಂತು, ಬಂದವರು ಹೇಳಿದ್ದನ್ನು ಅಜ್ಜನ ಕಿವಿಯಲ್ಲಿ ಒದರತೊಡಗಿದ. ದನಿಯೋ, ಆಚೆ ದಂಡೆಯ ಎಮ್ಮೆಗಳು ಕಿವಿ ನಿಮಿರಿಸುವಂಥದು. "ಅಜ್ಜಾರ ಕಿವಿ ಅಂದ್ರ ನಾನ" ಎಂದು ಬಳಗದಲ್ಲಿ ಬರೆದೂ ಬಿಟ್ಟ.

ಒಂದೇ ಒಂದು ಸಂಗತಿ ಅವನಿಗೆ ಬಗೆಹರಿದಿರಲಿಲ್ಲ. ಒಂದು ಸಂಜೆ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದಾಗ ಅಜ್ಜ ತಟ್ಟನೆ ಅಂದ: "ಮೀನು ಹಾರಿತು ನೋಡು, ಆ ಬಂಡೆಗಲ್ಲಿನ ಹಿಂದ."

ಮುದಕಪ್ಪನಿಗೆ ಏನೂ ಕೇಳಿರಲಿಲ್ಲ.

ಅಷ್ಟು ದೂರದ ಮೀನು ಕೇಳುವ ಕಿವಿಗೆ ಎದುರಿಗಿದ್ದ ಮನುಷ್ಯ ಯಾಕೆ ಕೇಳುವುದಿಲ್ಲ? ತಲೆ ಕೆರೆದುಕೊಂಡ. ಮುದುಕರ ಕಿವಿ, ಹಂಗೇ ಇರಬೇಕು ಎಂದು ಬಿಟ್ಟ.

ಮೂರು ವರ್ಷ ಹೀಗೆ ನಡೆಯಿತು. ಒಂದು ದಿನ ಅಜ್ಜನೇ ಹೇಳಿದ:

"ಬರೂ ಹುಣ್ಣಿವಿಗೆ ಉಪದೇಶ ಕೊಡತೀನಿ. ಕಿವಿ ತೊಳಕೊಂಡು ಬಾ."

ಮುದಕಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದಕ್ಕಾಗಿಯೇ ಅಲ್ಲವೇ ಅವನು ಊರು ಬಿಟ್ಟು ಬಂದದ್ದು. ಗುರು ಕಿವಿಯಲ್ಲಿ ಹೇಳಿದ ಮಾತು ಸಿಗದೆ ಊರಿಗೆ ಕಾಲಿಡುವುದಿಲ್ಲ ಎಂದು ಗರಡಿಯ ಗೆಳೆಯರ ಮುಂದೆ ಮೀಸೆ ತಿರುವಿ ಬಂದಿದ್ದ. ಕೂಡಲೇ ಬಳಗಕ್ಕೆ ತಿಳಿಸಿದ. ಇನ್ನೂರು ಮಂದಿ ಕೈಮುಗಿದರು.

ಹುಣ್ಣಿಮೆಗೆ ಐದು ದಿನ ಇರುವಾಗ ಬಳಗದಲ್ಲಿ ಶೇಕಪ್ಪ ಮಾಸ್ತರು ಬರೆದರು. ಹತ್ತಿರದ ಹಳ್ಳಿಯೊಂದರ ಶಾಲೆಯ ಮಾಸ್ತರು ಅವರು.

"ಅಪ್ಪಗ ಎಂಟು ದಿನದಿಂದ ಜ್ವರ. ಹುಣ್ಣಿಮೆಗೆ ಅಜ್ಜಾರ ಪಾದಕ್ಕೆ ಕರಕೊಂಡು ಬರತೀನಿ ಅಂತ ಹರಕೆ ಹೊತ್ತಿದ್ದೆ. ತಪ್ಪಿ ಹೋಗತೈತಿ. ಏನು ಕಾದೈತೋ ಅಂತ ಹೆದರಿಕಿ."

ಅದರ ಕೆಳಗೆ, ಎರಡು ನಿಮಿಷಕ್ಕೆ, ವಾರಿಜಾ ಎಂಬವರ ಉತ್ತರ ಬಂತು. ಘಟ್ಟದ ಕೆಳಗಿನ ಹೆಣ್ಣುಮಗಳು. ಒಮ್ಮೆ ಮಠಕ್ಕೆ ಬಂದು ಉಂಡು ಹೋದವಳು.

"ಸಾಯ್ಲಿ ಬಿಡಿ ಮಾರಾಯ್ರೆ. ಮತ್ತೆ ನೋಡುವ."

ಮುದಕಪ್ಪ ಓದಿದ. ರಕ್ತ ನೆತ್ತಿಗೇರಿತು.

ಅವನ ಹೆಬ್ಬೆರಳು ಹೊಲದಲ್ಲಿ ಬಿಟ್ಟ ಹೋರಿಯ ಹಾಗೆ ಓಡಿತು. "ಹಡೆದ ತಂದಿ ಜ್ವರದಾಗ ಮಲಗಿದ್ರ ಸಾಯ್ಲಿ ಅಂತೀಯಲ್ಲ, ನಿನ್ನ ಎದಿಯೊಳಗ ಇರೋದು ಕರಳೋ ಕಲ್ಲೋ? ಸತ್ತ ಮ್ಯಾಲೆ ನೋಡತೀಯಾ? ನಿಮ್ಮ ಕಡೆ ಹೆತ್ತವರಿಗೆ ಇದ ಏನು ಮರ್ಯಾದಿ? ಅಜ್ಜಾರ ಬಳಗದಾಗ ಇಂಥವರಿಗೆ ಜಾಗ ಇಲ್ಲ." ಹೀಗೆ ಹದಿನೆಂಟು ಸಾಲು. ಆಮೇಲೆ ಹೆಬ್ಬೆರಳು ಒತ್ತಿ ಆಕೆಯನ್ನು ಹೊರಗೆ ಹಾಕಿದ.

ನಲವತ್ತೇಳು ಚಪ್ಪಾಳೆ ಬಂದವು. ಒಬ್ಬರು "ಭಪ್ಪರೆ ಮುದಕಪ್ಪ" ಎಂದರು. ಇನ್ನೊಬ್ಬರು ಆಕೆಯ ನಂಬರನ್ನೇ ಹಾಕಿ "ಎಲ್ಲರೂ ಫೋನ್ ಮಾಡಿ ಬುದ್ಧಿ ಹೇಳ್ರಿ" ಎಂದರು. ಮಾಡಿದವರು ಎಷ್ಟು ಮಂದಿಯೋ, ಮುದಕಪ್ಪ ಎಣಿಸಲಿಲ್ಲ. ಹೆಮ್ಮೆಪಟ್ಟ.

ನೇರ ಅಜ್ಜನ ಹತ್ತಿರ ಹೋಗಿ, ನಡೆದದ್ದನ್ನೆಲ್ಲ ಕಿವಿಯಲ್ಲಿ ಒದರಿದ.

ಅಜ್ಜ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ. "ಏನಂದ್ಲು ಆಕಿ?"

"ಸಾಯ್ಲಿ ಬಿಡಿ ಮಾರಾಯ್ರೆ, ಮತ್ತೆ ನೋಡುವ!" ಮುದಕಪ್ಪ ಹಲ್ಲು ಕಡಿದು ಓದಿದ.

"ಹಲ್ಲು ಕಡದು ಬರದಿದ್ಲೇನು?"

"ಅಕ್ಷರದಾಗ ಹಲ್ಲು ಎಲ್ಲಿ ಕಾಣಸ್ತಾವ್ರಿ ಅಜ್ಜಾರ?"

"ಮತ್ತ ಈಗ ಕಡದವು ಯಾರವು?"

"ನನ್ನವ್ರಿ."

"ಇನ್ನೊಮ್ಮೆ ಓದು. ಉಂಡು ಕೈ ತೊಳಕೊಂಡ ಹೆಣಮಗಳು ಓದಿದಂಗ ಓದು."

ಮುದಕಪ್ಪ ಓದಿದ. ಬರಲಿಲ್ಲ.

"ಕೂಸಿಗೆ ಜೋಗುಳ ಹಾಡೂ ಹೆಣಮಗಳು ಓದಿದಂಗ ಓದು."

ಹದಿನೆಂಟು ಸಾಲು ಬರೆದ ಗಂಡು ಐದು ಶಬ್ದ ಓದಲಾರದೆ ಬೆವತ. ಯಾರ ದನಿಯಲ್ಲಿ ಓದಿದರೂ ಅದು ಅವನದೇ ದನಿಯಾಗುತ್ತಿತ್ತು.

"ಶೇಕಪ್ಪ ಏನಂದ?" ಅಜ್ಜ ಕೇಳಿದ.

"ಅವರು ಏನೂ ಅನ್ಲಿಲ್ರಿ. ಫೋನು ನೋಡಿದಂಗ ಕಾಣಸಂಗಿಲ್ಲ. ನಾನ ಅವರ ಪರವಾಗಿ ಅಂದೆ."

ಅಜ್ಜ ಬೀಜವನ್ನು ಬುಟ್ಟಿಗೆ ಹಾಕಿದ. "ಮುದಕಾ, ಆಕಿ ದನಿ ತಗೊಂಬಾ."

"ದನಿ? ಹುಣ್ಣಿವಿ ಇನ್ನ ಐದ ದಿನ ಐತ್ರಿ. ಉಪದೇಶ?"

"ಏನಂದಿ?"

"ಉಪದೇಶ, ಅಜ್ಜಾರ!"

"ದನಿ," ಅಂದ ಅಜ್ಜ. ಇನ್ನೊಂದು ಹಣ್ಣು ಕೈಗೆತ್ತಿಕೊಂಡ.

ಒಂದು ನಿಮಿಷದ ಕೆಲಸ ಎಂದುಕೊಂಡು ಮುದಕಪ್ಪ ವಾರಿಜಾಳ ನಂಬರಿಗೆ ಫೋನ್ ಮಾಡಿದ. ಸ್ವಿಚ್ ಆಫ್. ಮರುದಿನ ಮಾಡಿದ. ಸ್ವಿಚ್ ಆಫ್. ಅದರ ಮರುದಿನವೂ ಸ್ವಿಚ್ ಆಫ್. ಬುದ್ಧಿ ಹೇಳುವವರ ಕಾಟಕ್ಕೆ ಆಕೆ ಫೋನನ್ನೇ ಮುಚ್ಚಿಟ್ಟಿದ್ದಾಳೆ ಎಂದು ಮೂರನೆಯ ದಿನ ಅವನಿಗೆ ಹೊಳೆಯಿತು.

ಬಳಗಕ್ಕೆ ಸೇರುವಾಗ ಎಲ್ಲರೂ ಊರು, ಉದ್ಯೋಗ ಬರೆಯಬೇಕೆಂಬುದು ಅವನದೇ ಕಾನೂನು. ಹುಡುಕಿ ತೆಗೆದ. "ವಾರಿಜಾ, ಹಿಟ್ಟಿನ ಗಿರಣಿ, ಬಸ್ ಸ್ಟ್ಯಾಂಡಿನ ಹಿಂದೆ, ಕೋಡಿಬೆಟ್ಟು."

ನಸುಕಿನಲ್ಲೇ ಬಸ್ಸು ಹತ್ತಿದ. ತುಂಬಿದ ಹೊಳೆ ಈಜಿದ ಗಂಡು ಘಟ್ಟದ ತಿರುವಿಗೆ ಎರಡು ಸಲ ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡಿದ. ಅದು ಯಾರಿಗೂ ಗೊತ್ತಿಲ್ಲ, ಈಗ ನಿಮಗೆ ಗೊತ್ತಾಯಿತು. ಉದ್ದಕ್ಕೂ ಒಂದೇ ಚಿಂತೆ. ದನಿಯನ್ನು ತರುವುದು ಅಂದರೇನು? ಕೊನೆಗೆ ಉಪಾಯ ಹೊಳೆಯಿತು. ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಆಯಿತು. ಅಜ್ಜನಿಗೆ ಇಷ್ಟೂ ತಿಳಿಯಲಿಲ್ಲವಲ್ಲ ಎಂದು ಮರುಕಪಟ್ಟ.

ಮಧ್ಯಾಹ್ನ ಗಿರಣಿ ಸಿಕ್ಕಿತು. ಒಳಗೆ ಯಂತ್ರ ಗಡಗಡಿಸುತ್ತಿತ್ತು. ಡಬ್ಬಿ ಹಿಡಿದ ನಾಲ್ಕು ಹೆಂಗಸರು ಪಾಳಿಗೆ ನಿಂತಿದ್ದರು. ಕೂದಲು, ಹುಬ್ಬು ಎಲ್ಲ ಹಿಟ್ಟು ಮೆತ್ತಿಕೊಂಡ ನಲವತ್ತೈದರ ಹೆಂಗಸೊಬ್ಬಳು ಅಕ್ಕಿ ಸುರಿಯುತ್ತಿದ್ದಳು.

ಮುದಕಪ್ಪ ಎದೆ ಸೆಟೆಸಿ ನಿಂತು, ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದನ್ನು ಶುರುಮಾಡಿದ.

"ನಾನು ತುಂಗಭದ್ರಾ ದಂಡಿ ಗುರುಪಾದಜ್ಜಾರ ಪಟ್ಟ ಶಿಷ್ಯ, ನಾನೂರ ಹನ್ನೆರಡು ಮಂದಿ ಬಳಗದ ಅಡ್ಮಿನ್, ಮುದಕಪ್ಪ! ನೀವು ನಿಮ್ಮ ತಪ್ಪು ಒಪ್ಪಿಕೊಂಡ್ರ, ದೊಡ್ಡ ಮನಸ್ಸು ಮಾಡಿ ನಿಮ್ಮನ್ನ ತಿರುಗಿ ಸೇರಿಸಬೇಕಂತ..."

"ಎಂತ?" ಆಕೆ ಕಿವಿಗೆ ಕೈ ಹಚ್ಚಿದಳು. "ಎಂತ ಹೇಳಿದ್ದು? ಕೇಳುದಿಲ್ಲ!"

"ಬಳಗದ ಅಡ್ಮಿನ್ ನಾನು! ನಿಮ್ಮನ್ನ ಬಳಗದಿಂದ ತಗದದ್ದು..."

"ಎಂತ?"

"ತಗದದ್ದು ನಾನು!"

ಅಷ್ಟರಲ್ಲಿ ಆಕೆ ಯಂತ್ರದ ಗುಂಡಿ ಒತ್ತಿದ್ದಳು. ಸದ್ದು ನಿಂತು ಹೋಯಿತು. ಆಚೆ ದಂಡೆಯ ಎಮ್ಮೆಗೂ ಕೇಳುವ ಅವನ ದನಿ ನಿಶ್ಶಬ್ದದ ಗಿರಣಿಯಲ್ಲಿ ಗೋಡೆಗೆ ಬಡಿದು ವಾಪಸು ಬಂತು. ನಾಲ್ಕೂ ಹೆಂಗಸರು ತಿರುಗಿ ನೋಡಿದರು.

"ಓ. ನೀವಾ," ಅಂದಳು ವಾರಿಜಾ.

ಮುದಕಪ್ಪ ಕಾದ. ಬೈಗುಳ ಬರಬಹುದು, ಹಿಟ್ಟಿನ ಡಬ್ಬಿಯೇ ಬರಬಹುದು. ಯಾವುದಕ್ಕೂ ಎದೆ ಗಟ್ಟಿ ಮಾಡಿಕೊಂಡಿದ್ದ.

"ಆ ಮೇಷ್ಟ್ರ ಅಪ್ಪ ಹೇಗಿದ್ದಾರೆ? ಜ್ವರ ಬಿಟ್ಟಿತಾ?"

ಇದಕ್ಕೆ ಮಾತ್ರ ಅವನು ತಯಾರಿರಲಿಲ್ಲ.

ಜ್ವರ ಬಿಟ್ಟಿತೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಆ ಮುದುಕನ ಪರವಾಗಿ ಹದಿನೆಂಟು ಸಾಲು ಹೊಡೆದಾಡಿದ್ದ. ಆ ಮುದುಕ ಹೇಗಿದ್ದಾನೆ ಎಂದು ಒಂದು ಸಲವೂ ಕೇಳಿರಲಿಲ್ಲ.

"ಗೊತ್ತಿಲ್ರಿ," ಅಂದ.

"ಗೊತ್ತಿಲ್ವಾ? ಫೋನ್ ಉಂಟಲ್ಲ ಕೈಯಲ್ಲಿ. ಕೇಳಿ ಮಾರಾಯ್ರೆ. ನನ್ನದನ್ನು ತೆಗೆಯುವ ಹಾಗೇ ಇಲ್ಲ, ತೆಗೆದರೆ ಯಾರ್ಯಾರೋ ಬೈತಾರೆ."

ಮುದಕಪ್ಪ ಶೇಕಪ್ಪ ಮಾಸ್ತರಿಗೆ ಫೋನ್ ಹಚ್ಚಿದ. ಜ್ವರ ನಿನ್ನೆ ಬಿಟ್ಟಿತ್ತು. ಮುದುಕ ಎದ್ದು ಕೂತು ಗಂಜಿ ಕುಡಿದು, ಉಪ್ಪು ಕಡಿಮೆ ಎಂದು ಸೊಸೆಯನ್ನು ಗದರಿದ್ದ. ಬಳಗದಲ್ಲಿ ನಡೆದ ರಂಪ ಮಾಸ್ತರಿಗೆ ಗೊತ್ತೇ ಇರಲಿಲ್ಲ. ದವಾಖಾನೆಯಲ್ಲಿ ಫೋನು ನೋಡಲು ಯಾರಿಗೆ ಪುರುಸೊತ್ತು?

ಕೇಳಿ ವಾರಿಜಾ ನಕ್ಕಳು. "ಉಪ್ಪು ಕೇಳಿದ್ರಾ? ಹಾಗಾದ್ರೆ ಹುಷಾರಾದ್ರು."

ಮುದಕಪ್ಪ ನೆಲ ನೋಡಿದ. ನೆಲದ ತುಂಬ ಹಿಟ್ಟು.

"ತಪ್ಪಾತ್ರಿ ಅಕ್ಕಾರ," ಅಂದ.

"ಎಂತ?"

ಯಂತ್ರ ನಿಂತೇ ಇತ್ತು. ಆಕೆಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಕೇಳಿದಳೋ, ಅವನಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದ. ಎರಡನೆಯ ಸಲ ದನಿ ತಾನಾಗಿಯೇ ಸಣ್ಣದಾಯಿತು.

"ತಪ್ಪಾತ್ರಿ."

ವಾರಿಜಾ ಸೆರಗಿನಿಂದ ಹುಬ್ಬಿನ ಹಿಟ್ಟು ಒರೆಸಿಕೊಂಡಳು.

"ಸಾಯ್ಲಿ ಬಿಡಿ ಮಾರಾಯ್ರೆ," ಅಂದಳು. "ಬಿಸಿಲಲ್ಲಿ ಬಂದಿದ್ದೀರಿ. ನೀರು ಬೇಕಾ?"

ಮುದಕಪ್ಪ ಬೆಚ್ಚಿಬಿದ್ದ. ಅದೇ ಮಾತು! ಒಂದಕ್ಷರ ಆಚೀಚೆ ಇಲ್ಲ. ಆದರೆ ಹಲ್ಲು ಎಲ್ಲಿ? ಕಲ್ಲು ಎಲ್ಲಿ? ಆಕೆ ಆಗಲೇ ನೀರಿನ ಚೆಂಬು ಹಿಡಿದು ನಿಂತಿದ್ದಳು.

"ಯಾರು... ಯಾರು ಸಾಯಬೇಕ್ರಿ?"

ಪಾಳಿಯ ಹೆಂಗಸರು ಕಿಸಕ್ಕನೆ ನಕ್ಕರು.

"ಯಾರೂ ಅಲ್ಲಪ್ಪಾ! ಆದದ್ದು. ಆದದ್ದು ಹೋಗ್ಲಿ ಅಂತ."

"ಮತ್ತ ಅವತ್ತು?"

"ಅವತ್ತು ಹರಕೆ! ಹರಕೆ ಸಾಯ್ಲಿ, ಮೊದಲು ಅಪ್ಪನನ್ನು ನೋಡಿಕೊಳ್ಳಿ, ಹರಕೆ ಮತ್ತೆ ನೋಡುವ ಅಂತ ಹೇಳಿದ್ದು. ನೀವು ಎಂತ ತಿಳ್ಕೊಂಡ್ರಿ?"

ಮುದಕಪ್ಪ ಚೆಂಬು ಇಸಿದುಕೊಂಡ. ನೀರು ಕುಡಿದ. ಆಮೇಲೆ ಫೋನ್ ಮುಂದೆ ಹಿಡಿದು, ಆ ಮಾತನ್ನು ಇನ್ನೊಮ್ಮೆ ಹೇಳಿರಿ, ಗುರುಗಳಿಗೆ ಆ ದನಿ ಬೇಕಂತೆ ಎಂದು ಬೇಡಿಕೊಂಡ. ಇದೆಂಥ ಗುರು, ಇದೆಂಥ ಶಿಷ್ಯ ಎಂಬಂತೆ ಆಕೆ ನೋಡಿದಳು. ಆದರೂ ಹೇಳಿದಳು. ಅಷ್ಟರಲ್ಲಿ ಪಾಳಿಯ ಹೆಂಗಸೊಬ್ಬಳು ತಡವಾಯಿತೆಂದು ಯಂತ್ರದ ಗುಂಡಿ ಒತ್ತಿಬಿಟ್ಟಳು.

ಹೊರಡುವಾಗ ಮುದಕಪ್ಪ ಬಾಗಿಲಲ್ಲಿ ನಿಂತು ಕೂಗಿದ: "ನಮ್ಮ ಬಳಗಕ್ಕ ತಿರುಗಿ ಬರತೀರೇನ್ರೀ?"

"ಎಂತ?"

"ಬಳಗಕ್ಕ! ಬರತೀರೇನು?"

ವಾರಿಜಾ ಅಕ್ಕಿ ಸುರಿಯುತ್ತ ಕೈಯಾಡಿಸಿದಳು. "ಮತ್ತೆ ನೋಡುವ!"

ಅದು ಹೂಂ ಎಂದೋ ಊಹೂಂ ಎಂದೋ? ಘಟ್ಟ ಹತ್ತಿ ಇಳಿಯುವವರೆಗೂ ಅವನಿಗೆ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಬಸ್ಸಿನಲ್ಲೇ ಬಳಗಕ್ಕೆ ಬರೆದ. ಹದಿನೆಂಟು ಸಾಲು ಬರೆಯಲು ಹೋಗಿ, ಅಳಿಸಿ, ಎಂಟಕ್ಕೆ ತಂದು, ಮತ್ತೆ ಅಳಿಸಿದ. ಉಳಿದದ್ದು ಇಷ್ಟು: "ವಾರಿಜಾ ಅಕ್ಕಾರು ಅಂದದ್ದು ಹರಕೆಗೆ. ನಾನು ಕೇಳದೆ ಬೈದೆ. ಆಕೆಗೆ ಫೋನ್ ಮಾಡಿ ಬೈಬೇಡ್ರಿ. ತಪ್ಪು ನಂದು."

ನಾನೂರ ಹನ್ನೊಂದು ಮಂದಿಯಲ್ಲಿ ಒಂದು ಚಪ್ಪಾಳೆಯೂ ಬರಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಹೊಳೆಯಲ್ಲಿ ಮುಳುಗಿ ಎದ್ದ. ಕಿವಿಯನ್ನು ಮೂರು ಸಲ ತೊಳೆದ. ಒದ್ದೆ ಪಂಚೆಯಲ್ಲೇ ಅಜ್ಜನ ಎದುರು ಮೆಟ್ಟಿಲ ಮೇಲೆ ಕೂತ.

"ತಂದಿಯೇನು?" ಅಜ್ಜ ಕೇಳಿದ.

ಮುದಕಪ್ಪ ಫೋನ್ ಒತ್ತಿದ. ಗಡಗಡ ಗಡಗಡ. ಗಿರಣಿಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಅವನ ಮುಖ ಸಪ್ಪೆಯಾಯಿತು. ಮುಗಿಯಿತು. ಮೂರು ವರ್ಷ ಹೊಳೆಪಾಲು.

"ಏನಂದ್ಲು?"

ಮುದಕಪ್ಪ ಫೋನ್ ಕೆಳಗಿಟ್ಟ. ಕಣ್ಣು ಮುಚ್ಚಿದ. ಹಿಟ್ಟು ಮೆತ್ತಿದ ಹುಬ್ಬು, ನೀರಿನ ಚೆಂಬು.

"ಸಾಯ್ಲಿ ಬಿಡಿ ಮಾರಾಯ್ರೆ," ಅಂದ. "ಬಿಸಿಲಲ್ಲಿ ಬಂದಿದ್ದೀರಿ. ನೀರು ಬೇಕಾ?"

ಅಜ್ಜನ ಬೊಚ್ಚು ಬಾಯಿ ಅಗಲವಾಯಿತು. ಹೊಟ್ಟೆ ಕುಣಿಯುವಂತೆ ನಕ್ಕ.

ನಗು ನಿಂತಿತು. ಬಂಡೆಗಲ್ಲಿನ ಹಿಂದೆ ಏನೋ ಪುಳಕ್ಕೆಂದಿತು. ಈ ಸಲ ಮುದಕಪ್ಪನಿಗೂ ಕೇಳಿಸಿತು.

"ಮೀನು," ಅಂದ.

"ಹೂಂ," ಅಂದ ಅಜ್ಜ.

ಮುದಕಪ್ಪನ ತಲೆಯಲ್ಲಿ ಏನೋ ಹೊರಳಿತು. ಮೀನು ಕೇಳುವ ಕಿವಿ. ಗಿರಣಿ ನಿಂತ ಮೇಲೂ "ಎಂತ" ಎಂದ ಹೆಂಗಸು. ತಾನು ಮೂರು ವರ್ಷ ಅಜ್ಜನ ಕಿವಿಯಲ್ಲಿ ಒದರಿದ್ದು.

"ಅಜ್ಜಾರ," ಅಂದ ಮೆಲ್ಲಗೆ, ಹೊಳೆಯ ಸದ್ದಿಗಿಂತ ಮೆಲ್ಲಗೆ. "ನಿಮ್ಮ ಕಿವಿ ಮಂದ ಇಲ್ಲ, ಹೌದಿಲ್ರಿ?"

ಅಜ್ಜ ಅವನ ತಲೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಬಲಗಿವಿಗೆ ಬಾಯಿ ಹಚ್ಚಿದ. ಗಡ್ಡ ಕಚಗುಳಿ ಇಟ್ಟಿತು. ಉಸಿರು ಬಿಸಿಯಾಗಿತ್ತು.

"ಏನಂದಿ?" ಅಂದ ಅಜ್ಜ.

ಮುದಕಪ್ಪ ತಡವರಿಸಿದ. "ಅಲ್ರಿ, ಕಿವಿ... ನಿಮ್ಮ ಕಿವಿ ಕೇಳತಾವಲ್ಲ ಅಂದೆ. ಇರಲಿ ಬಿಡ್ರಿ. ಉಪದೇಶ ಕೊಡ್ರಿ ಅಜ್ಜಾರ. ಹೊತ್ತು ಏರಾಕತ್ತೈತಿ."

"ಕೊಟ್ಟಾತಲ್ಲ."

"ಯಾವಾಗ್ರಿ?"

"ಈಗ."

ಮುದಕಪ್ಪ ಕಿವಿ ಮುಟ್ಟಿ ನೋಡಿಕೊಂಡ. ಹೊಳೆ ನೋಡಿದ. ಅಜ್ಜನ ಮುಖ ನೋಡಿದ. ಗರಡಿಯ ಗೆಳೆಯರಿಗೆ ಹೋಗಿ ಏನು ಹೇಳುವುದು?

"ಅಜ್ಜಾರ, ನನಗ ತಿಳೀಲಿಲ್ಲ." ಅವನು ಮುಂದಕ್ಕೆ ಬಾಗಿದ. "ಏನಂದ್ರಿ?"

"ಹಾಂ," ಅಂದ ಅಜ್ಜ. "ಅದನ್ನ ಕೊಟ್ಟೆ ನಿನಗ."